ಮುಂಹಲಗೆಯಿಲ್ಲದ ಪಿಯಾನೊ

ನಮ್ಮ ಪಿಯಾನೊಗೆ ಮುಂಹಲಗೆ ಇಲ್ಲ.
ನಾನು ಹುಟ್ಟುವ ಮೊದಲಿನ ಚಳಿಗಾಲ,
ಕುತೈಸಿಯಲ್ಲಿ ಕರೆಂಟಿಲ್ಲ, ಗ್ಯಾಸಿಲ್ಲ,
ಮೊದಲು ಕುರ್ಚಿಗಳು, ಆಮೇಲೆ ನೆಲದ ಓಕ್ ಪಟ್ಟಿ,
ಆಮೇಲೆ ಅಜ್ಜನ ನಿಘಂಟಿನ ಏಳು ಸಂಪುಟ.
ಕೊನೆಗೊಂದು ರಾತ್ರಿ ಅಜ್ಜಿ ಲಾಮಾರಾ ತಾನೇ ತಿರುಪು ಬಿಚ್ಚಿ
ಈ ಕರಿ ಮೆರುಗಿನ ಹಲಗೆಯನ್ನು ಒಲೆಗೆ ಕೊಟ್ಟಳಂತೆ.
‘ಇಷ್ಟೇ. ಇನ್ನು ಚಳಿಗೆ ಸತ್ತರೂ ಸರಿ’ ಅಂದಳಂತೆ.
ಮೆರುಗೆಣ್ಣೆ ಉರಿದು ಮನೆ ಮೂರು ದಿನ ಕೆಮ್ಮಿತಂತೆ.

ಹಾಗಾಗಿ ನಾನು ಮೊದಲು ಕಂಡದ್ದೇ ಅದರ ಒಳಗು.
ಬೇರೆ ಮಕ್ಕಳಿಗೆ ಪಿಯಾನೊ ಅಂದರೆ ಮುಚ್ಚಿದ ಕಪಾಟು,
ಒಳಗೆ ಯಾರೋ ಇದ್ದಾರೆ.
ನನಗೆ ಅದು ಎಂಬತ್ತೆಂಟು ಮನೆಯ ಕೇರಿ.
ಮನೆಗೊಂದು ಕೊಡತಿ,
ಉಣ್ಣೆಯ ಟೊಪ್ಪಿಗೆ ಹಾಕಿ ಸಾಲಾಗಿ ಕೂತ ಹಿರಿಯರು.
ಬೆರಳೊತ್ತಿದರೆ ಒಬ್ಬ ಎದ್ದು
ತನ್ನ ಒಂದೇ ಮಾತು ಆಡಿ
ಕೂತುಬಿಡುವನು.

ವರ್ಷಕ್ಕೊಮ್ಮೆ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ,
ಶ್ರುತಿ ಮಾಡಲು ಜುಂಬೆರ್ ಬರುತ್ತಿದ್ದ.
ಚೀಲದಲ್ಲಿ ತಿರುಪುಗೋಲು, ಕೆಂಪು ಫೆಲ್ಟಿನ ಪಟ್ಟಿ,
ಯಾವಾಗಲೂ ಒಂದು ಈರುಳ್ಳಿ. ಯಾಕೆಂದು ನಾನು ಕೇಳಲಿಲ್ಲ.
‘ಇಲ್ಲಿ ನೋಡು, ಇಯಾ,’ ಕನ್ನಡಕ ಹಣೆಗೇರಿಸಿ,
ಮಲಗಿದ ಕೂಸಿನ ಕೈ ಬಿಡಿಸುವ ಹಾಗೆ
ಒಂದು ಮನೆಯನ್ನು ಮೆಲ್ಲಗೆ, ಮೆಲ್ಲಗೆ ಒತ್ತುತ್ತಿದ್ದ.
‘ಕೊಡತಿ ತಂತಿಯ ಹತ್ತಿರ ಹೋಯಿತು.
ಇನ್ನು ಅಕ್ಕಿಕಾಳಿನ ದಪ್ಪದಷ್ಟು ದೂರ.
ಇಲ್ಲಿ ನಿನ್ನ ಬೆರಳು ಅದರ ಕೈಬಿಡುತ್ತದೆ.
ಮಿಕ್ಕ ದಾರಿ ಅದು ಒಂಟಿಯಾಗಿ ಹಾರಬೇಕು.
ಎಂಥ ವಿದ್ವಾಂಸ ಬಂದು ಕೂತರೂ
ಆ ಅಕ್ಕಿಕಾಳು ಅವನದ್ದಲ್ಲ.’
ನಾನು ಅಲ್ಲಿಗೇ ಬೆರಳು ತೂರಿಸಿ ನೋಡಿದೆ.
ಉಗುರಿಗೆ ಬಡಿಯಿತು. ಮೆತ್ತಗಿತ್ತು.

ಎರಡು ತಂತಿ ಒಟ್ಟಿಗೆ ಮಿಡಿದರೆ ನಡುವೆ ಒಂದು ಅಲೆ,
ವ್ವಾ ವ್ವಾ ವ್ವಾ, ಪಕ್ಕದ ಬೀದಿಯ ಹಸುಗೂಸು.
ತಿರುಪುಗೋಲು ಕೂದಲೆಳೆಯಷ್ಟು ತಿರುಗಿದರೆ
ಅಲೆ ನಿಧಾನ, ಇನ್ನೂ ನಿಧಾನ,
ಸೇತುವೆ ದಾಟಿ ಅಗಲವಾದ ರಿಯೋನಿಯ ನೀರು.
ಇನ್ನೇನು ನಿಂತಿತು ಅನ್ನುವಾಗ
ಜುಂಬೆರ್ ಬೇಕೆಂದೇ ಚೂರು ಕೆಡಿಸುತ್ತಿದ್ದ.
‘ಯಾಕೆ? ಸರಿಹೋಗಿತ್ತಲ್ಲ!’
‘ಇವರಿಬ್ಬರಿಗೆ ಸರಿ. ಕೇರಿಯ ಆ ಕೊನೆಗೆ?
ಒಬ್ಬೊಬ್ಬರೂ ಒಂದಿಷ್ಟು ತಪ್ಪಿ ನಿಂತರೆ
ಯಾರ ಮನೆಯಲ್ಲಾದರೂ ಮದುವೆ ಮಾಡಬಹುದು.’

‘ಸುಳ್ಳುಬುರುಕ ಪೆಟ್ಟಿಗೆ!’ ಅಡುಗೆಮನೆಯಿಂದ ಅಜ್ಜಿ.
ನಲವತ್ತು ವರ್ಷ ಅದನ್ನೇ ಕಲಿಸಿ ಉಂಡವಳು.
ಹಿಟ್ಟಿನ ಕೈಯಲ್ಲೇ ಬಂದು, ತನ್ನ ಗುಡ್ಡದೂರಿನ
ಮೂರು ದನಿಯ ಹಾಡಿನ ನಡುದನಿ ಎತ್ತುವಳು.
ಕೆಳದನಿಗೆ ಜುಂಬೆರ್.
ಮೇಲಿನದು ತೀರಿಕೊಂಡ ಅಜ್ಜನದು.
ಅದಕ್ಕೆ ಜಾಗ ಬಿಟ್ಟೇ ಹಾಡುತ್ತಿದ್ದರು.
ಆ ನಡುದನಿಯನ್ನು ನಾನು ಕೇರಿಯೆಲ್ಲ ಹುಡುಕಿದೆ.
ಬಿಳಿಯಲ್ಲಿಲ್ಲ, ಕಪ್ಪಿನಲ್ಲಿಲ್ಲ.
ಎರಡು ಮನೆಗಳ ನಡುವಿನ ಸಂದಿಯಲ್ಲಿ,
ಧೂಳು, ಒಂದು ಹಳೆಯ ಕೊಪೆಕ್ ನಾಣ್ಯ,
ಪೆನ್ಸಿಲಿನ ತುಂಡು ಬಿದ್ದ ಓಣಿಯಲ್ಲಿ
ಎಲ್ಲೋ ಇತ್ತು. ಬೆರಳು ಹೋಗಲಿಲ್ಲ.

ಈಗ ಆ ತಿರುಪುಗೋಲು ನನ್ನ ಚೀಲದಲ್ಲಿ.
(ಈರುಳ್ಳಿ ಇಲ್ಲ.)
ಹೋದ ತಿಂಗಳು ಬಡಗಿ ಹೊಸ ಹಲಗೆ ತಂದ,
ಅಕ್ರೋಟ ಮರ, ಅಂಚಿಗೆ ಬಳ್ಳಿಯ ಕೆತ್ತನೆ.
ಕೂಡಿಸಿದೆ. ಲಕ್ಷಣವಾಗಿ ಕಂಡಿತು.
ನುಡಿಸಿದರೆ, ಗೋಡೆಯಾಚೆಯ ಮಾತು.
‘ಅಮ್ಮಾ, ಒಳಗೆ ಯಾರು?’ ಅಂದ ನನ್ನ ಮಗ.
ಅಂದೇ ಬಿಚ್ಚಿದೆ.
ಅದರ ಮೇಲೀಗ ರೊಟ್ಟಿ ಲಟ್ಟಿಸುತ್ತೇನೆ.

ರಾತ್ರಿ ಅವನನ್ನು ತಂತಿಯ ಎದುರು ಕೂರಿಸಿ
ಎಡತುದಿಯ ಮನೆಯೊಂದನ್ನು ಬಲವಾಗಿ ಒತ್ತಿ
ಪೆಡಲ್ ತುಳಿದು ಹಿಡಿದೆ.
ಕೊಳಲಿನ ಹಾಗೆ ಉಬ್ಬಿಸಲಾಗದು ಈ ಸ್ವರವನ್ನು,
ಹುಟ್ಟಿದ ಗಳಿಗೆಯೇ ಇದರ ಹಬ್ಬ,
ಉಳಿದದ್ದೆಲ್ಲ ಇಳಿಹೊತ್ತು.
ಮಂಜಿನಂತೆ ಅಗಲವಾಗಿದ್ದ ತಾಮ್ರದ ತಂತಿ
ತೆಳ್ಳಗಾಗುತ್ತ, ಗೆರೆಯಾಗುತ್ತ...
‘ನಿಂತಿತಾ?’
ಮರದ ಬೆನ್ನಿಗೆ ಅವನ ಅಂಗೈ ಒತ್ತಿ ಹಿಡಿದೆ.
‘ಇಲ್ಲ,’ ಅಂದ. ಸ್ವಲ್ಪ ಹೊತ್ತು ಬಿಟ್ಟು
ಮತ್ತೆ, ‘ಇಲ್ಲ.’